ಆಟಕ್ಕುಂಟು, ಲೆಕ್ಕಕ್ಕೂ ಉಂಟು: ಖೋ-ಖೋ ಅಂಗಳದ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ತುಮಕೂರು ಜಿಲ್ಲೆಯ ತೆಂಗಿನ ಸೀಮೆಯಲ್ಲಿರುವ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ನಾಲ್ಕು ಮತ್ತು ಐದನೆಯ ತರಗತಿಗಳಿಗೆ ಪಾಠ ಮಾಡುತ್ತೇನೆ. ನಮ್ಮ ಶಾಲೆಗೆ ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆ ಇಲ್ಲವಾದ್ದರಿಂದ ಆಟದ ಅವಧಿಯೂ ನನ್ನ ಪಾಲಿಗೇ ಬಂದಿದೆ. ಈ ಪ್ರಕರಣ ನಡೆದ ವರ್ಷ ಎರಡೂ ತರಗತಿಗಳು ಸೇರಿ 23 ಮಕ್ಕಳಿದ್ದರು. ಖೋ-ಖೋ ಆಡಿಸಲು ಹನ್ನೊಂದು ಮಕ್ಕಳ ಎರಡು ತಂಡ ಮಾಡಿದರೆ ಒಂದು ಮಗು ಉಳಿಯುತ್ತದೆ. ಪ್ರತಿದಿನವೂ ಉಳಿಯುತ್ತಿದ್ದುದು ಒಂದೇ ಮಗು ಎಂಬುದನ್ನು ನಾನು ಬಹಳ ದಿನ ಗಮನಿಸಿಯೇ ಇರಲಿಲ್ಲ.

ಮಕ್ಕಳ ಹೆಸರುಗಳನ್ನು ಇಲ್ಲಿ ಬರೆದಿಲ್ಲ. ಐದನೆಯ ತರಗತಿಗೆ ಆ ವರ್ಷವೇ ಹೊಸದಾಗಿ ಸೇರಿ ಅಜ್ಜಿಯ ಮನೆಯಲ್ಲಿದ್ದು ಶಾಲೆಗೆ ಬರುತ್ತಿದ್ದ ಮಗುವನ್ನು ‘ಹುಡುಗ’ ಎಂದೂ, ಅದೇ ತರಗತಿಯ, ಓಟದಲ್ಲಿ ಎಲ್ಲರಿಗಿಂತ ಮುಂದಿದ್ದ ಹೆಣ್ಣುಮಗುವನ್ನು ‘ನಾಯಕಿ’ ಎಂದೂ ಕರೆದಿದ್ದೇನೆ.

ಖೋ-ಖೋ ಆಟವನ್ನು ನಮ್ಮ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಆದರೂ ಪ್ರಕರಣ ಅರ್ಥವಾಗಲು ಅದರ ಕೆಲವು ನಿಯಮಗಳನ್ನು ನೆನಪಿಸಿಕೊಳ್ಳಬೇಕು. ಬೆನ್ನಟ್ಟುವ ತಂಡದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಎರಡು ಕಂಬಗಳ ನಡುವಿನ ಸಾಲಿನಲ್ಲಿ, ಒಬ್ಬರು ಆ ಕಡೆಗೆ ಒಬ್ಬರು ಈ ಕಡೆಗೆ ಮುಖ ಮಾಡಿ ಕುಕ್ಕರುಗಾಲಿನಲ್ಲಿ ಕೂತಿರುತ್ತಾರೆ; ಒಂಬತ್ತನೆಯವರು ಎದುರು ತಂಡದವರನ್ನು ಬೆನ್ನಟ್ಟುತ್ತಾರೆ. ಹಿಂದಿನಿಂದ ಬಂದು ಬೆನ್ನು ಮುಟ್ಟಿ ‘ಖೋ’ ಎಂದಾಗ ಮಾತ್ರ ಕೂತವರು ಏಳಬೇಕು. ಎದ್ದವರು ಒಮ್ಮೆ ಒಂದು ದಿಕ್ಕು ಹಿಡಿದರೆ ಕಂಬ ಮುಟ್ಟುವವರೆಗೆ ಹಿಂದಿರುಗುವಂತಿಲ್ಲ, ತಿರುಗಿದರೆ ಫೌಲ್. ಹೀಗಾಗಿ ಯಾರಿಗೆ ಖೋ ಕೊಡಬೇಕೆಂಬ ನಿರ್ಧಾರ ಕೆಲವೇ ಸೆಕೆಂಡುಗಳಿಗೊಮ್ಮೆ ಒಂದು ಮಗುವಿನ ಕೈಯಿಂದ ಇನ್ನೊಂದು ಮಗುವಿನ ಕೈಗೆ ಹೋಗುತ್ತಿರುತ್ತದೆ. ಯಾರನ್ನಾದರೂ ಆಟದಿಂದ ಹೊರಗಿಡಬೇಕೆಂದರೆ ಹೊರಗೆ ಕಳುಹಿಸಬೇಕಾಗಿಯೇ ಇಲ್ಲ. ಖೋ ಕೊಡದಿದ್ದರೆ ಸಾಕು, ಆ ಮಗು ಸಾಲಿನ ನಡುವೆ ಕೂತಿದ್ದೂ ಹೊರಗೇ ಇರುತ್ತದೆ.

ಶನಿವಾರದ ಆಟ

ಜುಲೈ ತಿಂಗಳ ಒಂದು ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಆಟ ಇಟ್ಟುಕೊಂಡಿದ್ದೆವು. ಒಬ್ಬ ಹುಡುಗಿ ಜ್ವರದಿಂದ ಬಂದಿರಲಿಲ್ಲವಾದ್ದರಿಂದ 22 ಮಕ್ಕಳಿದ್ದು, ಯಾರೂ ಉಳಿಯದೆ, ಹುಡುಗ ನಾಯಕಿಯ ತಂಡಕ್ಕೆ ಬಂದ. ಒಂದು ಸರದಿಗೆ ಐದು ನಿಮಿಷ ಎಂಬುದು ನಮ್ಮ ಅಂಗಳದ ಲೆಕ್ಕ. ಎದುರು ತಂಡ ಏಳು ಜನರನ್ನು ಔಟ್ ಮಾಡಿತ್ತು. ನಾಯಕಿಯ ತಂಡ ಆರು ಜನರನ್ನು ಮುಟ್ಟಿ ಕೊನೆಯ ನಿಮಿಷದಲ್ಲಿತ್ತು. ಓಡುತ್ತಿದ್ದವನೊಬ್ಬ ಕಾಲು ಜಾರಿ ಹುಡುಗ ಕೂತಿದ್ದ ಚೌಕದ ಮುಂದೆಯೇ ತಡವರಿಸಿದ. ನಾಯಕಿಗೆ ಬೇರೆ ದಾರಿ ಇರಲಿಲ್ಲ. ಅವಳು ಹುಡುಗನ ಬೆನ್ನು ಮುಟ್ಟಿ ಖೋ ಎಂದಳು. ಹುಡುಗ ಎರಡೂ ಅಂಗೈಗಳನ್ನು ನೆಲಕ್ಕೆ ಊರಿ, ಮಂಡಿಯ ಮೇಲೆ ಬಂದು, ಆಮೇಲೆ ಎದ್ದು, ಬಲಕ್ಕೆ ಒಂದು ಹೆಜ್ಜೆ ಇಟ್ಟು ಮತ್ತೆ ಎಡಕ್ಕೆ ತಿರುಗಿದ. ಫೌಲ್ ಎಂದು ನಾನು ಸೀಟಿ ಊದುವಷ್ಟರಲ್ಲಿ ಸಮಯ ಮುಗಿಯಿತು.

ಅವನ ಅಂಗೈಗೆ ಕೆಂಪು ಮಣ್ಣು ಮೆತ್ತಿತ್ತು. ಅದನ್ನು ಚಡ್ಡಿಗೆ ಒರೆಸಿಕೊಳ್ಳುತ್ತಾ ನಿಂತಿದ್ದ ಅವನ ಸುತ್ತ ಮಕ್ಕಳು ಸೇರಿಕೊಂಡರು. “ನಿನ್ನಿಂದ್ಲೇ ಕಣೋ ಸೋತಿದ್ದು” ಎಂದು ನಾಯಕಿ ಹೇಳಿದಳು. ಗೆದ್ದ ತಂಡದವರು ಅವನು ಎದ್ದ ರೀತಿಯನ್ನು ಅನುಕರಿಸಿ ತೋರಿಸಿದರು, ಸೋತ ತಂಡದವರೂ ಅದಕ್ಕೆ ನಕ್ಕರು. ಎರಡು ತಂಡಗಳೂ ಒಂದಾದದ್ದು ಆ ನಗುವಿನಲ್ಲಿ ಮಾತ್ರ ಎಂಬುದು ನನ್ನನ್ನು ಆ ದಿನವಿಡೀ ಬಿಡದೆ ಕಾಡಿತು. ಸೋಮವಾರದಿಂದ ಹುಡುಗ ಆಟದ ಗಂಟೆ ಹೊಡೆದ ಕೂಡಲೇ ಹೊಟ್ಟೆನೋವು ಎನ್ನತೊಡಗಿದ.

ನನ್ನ ಮೊದಲ ಎರಡು ಕ್ರಮಗಳು

ಮೊದಲು ಮಾಡಿದ್ದು, ಸೋಮವಾರದ ಬೆಳಗಿನ ಪ್ರಾರ್ಥನೆಯಲ್ಲಿ ನಾಯಕಿಯನ್ನು ಮುಂದೆ ಕರೆದು ಹುಡುಗನ ಹತ್ತಿರ ಕ್ಷಮೆ ಕೇಳಿಸಿದ್ದು. ಅವಳು ತಲೆ ತಗ್ಗಿಸಿ ಕೇಳಿದಳು, ಅವನು ತಲೆ ತಗ್ಗಿಸಿ ಸರಿ ಎಂದ. ಆ ಹೊತ್ತಿಗೆ ನಾನು ಸರಿಯಾದುದನ್ನೇ ಮಾಡುತ್ತಿದ್ದೇನೆಂದು ನಂಬಿದ್ದೆ. ಮಗುವಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ನಿಷೇಧಿಸುತ್ತದೆಂದು ತರಬೇತಿಗಳಲ್ಲಿ ಹತ್ತಾರು ಸಲ ಕೇಳಿದ್ದ ನಾನೇ, ಇಡೀ ಶಾಲೆಯ ಎದುರು ಒಂದು ಮಗುವಿಗೆ ನಾಚಿಕೆ ಹುಟ್ಟಿಸಿ ಇನ್ನೊಂದು ಮಗುವಿನ ನಾಚಿಕೆಯನ್ನು ಅಳಿಸಲು ಹೊರಟಿದ್ದೆ. ಅದರಿಂದ ಹುಡುಗನ ನಾಚಿಕೆ ಇಮ್ಮಡಿಯಾಯಿತು. ನಾಲ್ಕು ಮತ್ತು ಐದನೆಯ ತರಗತಿಯವರಿಗಷ್ಟೇ ತಿಳಿದಿದ್ದ ಸಂಗತಿ ಈಗ ಒಂದರಿಂದ ಏಳನೆಯ ತರಗತಿಯವರೆಗೆ ಎಲ್ಲರಿಗೂ ತಿಳಿಯಿತು.

ಎರಡನೆಯದಾಗಿ ಒಂದು ನಿಯಮ ಮಾಡಿದೆ. ಪ್ರತಿ ಸರದಿಯಲ್ಲಿ ಹುಡುಗನಿಗೆ ಕನಿಷ್ಠ ಮೂರು ಸಲ ಖೋ ಕೊಡಲೇಬೇಕು ಎಂದು ಹೇಳಿದೆ. ಮಕ್ಕಳು ನಿಯಮವನ್ನು ಪಾಲಿಸಿದರು, ಆದರೆ ಓಡುವವರು ದೂರದಲ್ಲಿದ್ದಾಗ, ಅಂದರೆ ಖೋ ಕೊಟ್ಟರೂ ಕೊಡದಿದ್ದರೂ ಒಂದೇ ಎಂಬಂಥ ಹೊತ್ತು ನೋಡಿ ಕೊಡುತ್ತಿದ್ದರು. ವಾರದ ಕೊನೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎದುರು ತಂಡದ ಹುಡುಗನೊಬ್ಬ, ಮನಸ್ಸು ಮೆದುವಾದವನು, ಬೇಕೆಂದೇ ಓಟ ನಿಧಾನ ಮಾಡಿ ಹುಡುಗನ ಕೈಗೆ ಸಿಗುವಂತೆ ನಿಂತ. ನಾನು ಔಟ್ ಎಂದು ಸೀಟಿ ಊದಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಹುಡುಗ ಅಲ್ಲೇ ನಿಂತು, “ನಾನ್ ಮುಟ್ಲಿಲ್ಲ ಮಿಸ್. ಅವನೇ ನಿಂತ್ಕೊಂಡ” ಎಂದು ಹೇಳಿ, ಗೆರೆ ದಾಟಿ, ನೀರಿನ ತೊಟ್ಟಿಯ ಕಡೆಗೆ ಹೊರಟುಹೋದ.

ನಿಂತವನನ್ನು ಕರೆದು ಏಕೆ ಹೀಗೆ ಮಾಡಿದೆ ಎಂದು ಕೇಳಿದೆ. ಅವನು ತಪ್ಪು ಮಾಡಿದವನಂತೆ ಮಾತಾಡಲಿಲ್ಲ, ಒಳ್ಳೆಯದನ್ನು ಮಾಡಿದವನಂತೆಯೇ ಮಾತಾಡಿದ: “ಪಾಪ ಅಲ್ವಾ ಮಿಸ್. ಅವನು ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ನಾವೆಲ್ಲ ಮಾತಾಡ್ಕೊಂಡಿದೀವಿ.”

ಈ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬುದನ್ನು ನಾವು ದೊಡ್ಡವರು ಅಧಿಕಾರವಿಲ್ಲದ ಪದಾಧಿಕಾರಿಗಳ ಬಗ್ಗೆಯೋ ಮನೆಯಲ್ಲಿ ಮಾತು ನಡೆಯದವರ ಬಗ್ಗೆಯೋ ಹೇಳುತ್ತೇವೆ. ಆದರೆ ಅದರ ಹುಟ್ಟು ಮಕ್ಕಳ ಆಟದಲ್ಲೇ ಇದೆ. ಅಕ್ಕ ಆಟಕ್ಕೆ ಹೊರಟಾಗ ಸೆರಗು ಹಿಡಿದು ಅಳುವ ನಾಲ್ಕು ವರ್ಷದ ತಮ್ಮನನ್ನು ಬಿಟ್ಟುಹೋಗುವಂತಿಲ್ಲ, ಕರೆದುಕೊಂಡು ಹೋದರೆ ಆಟ ಕೆಡುತ್ತದೆ. ಅದಕ್ಕಾಗಿ ಮಕ್ಕಳೇ ಕಂಡುಕೊಂಡ ಉಪಾಯವಿದು: ಅವನು ಓಡಲಿ, ಕೂಗಲಿ, ಕುಣಿಯಲಿ, ಮುಟ್ಟಿದರೂ ಔಟ್ ಇಲ್ಲ, ಮುಟ್ಟಿಸಿಕೊಂಡರೂ ಔಟ್ ಇಲ್ಲ. ದೊಡ್ಡವರ ಸಹಾಯವಿಲ್ಲದೆ ಮಕ್ಕಳು ತಾವಾಗಿ ಕಟ್ಟಿಕೊಂಡ ದಯೆಯ ನಿಯಮಗಳಲ್ಲಿ ಇದಕ್ಕಿಂತ ಚೆಂದದ್ದು ನನಗೆ ಗೊತ್ತಿಲ್ಲ. ಆ ನಾಲ್ಕು ವರ್ಷದ ತಮ್ಮನಿಗೆ ತಾನು ಲೆಕ್ಕಕ್ಕಿಲ್ಲ ಎಂಬುದು ತಿಳಿಯುವುದೂ ಇಲ್ಲ, ತಿಳಿದರೂ ನೋಯುವುದಿಲ್ಲ. ಹತ್ತು ವರ್ಷದ ಮಗುವಿಗೆ ಅದು ಮೊದಲ ದಿನವೇ ತಿಳಿಯುತ್ತದೆ. ನಮ್ಮ ಮಕ್ಕಳು ದಯೆ ಇಲ್ಲದವರಾಗಿರಲಿಲ್ಲ. ತಮಗೆ ಗೊತ್ತಿದ್ದ ಒಂದೇ ದಯೆಯನ್ನು, ಅದು ಸಲ್ಲದ ವಯಸ್ಸಿನವನ ಮೇಲೆ ಬಳಸುತ್ತಿದ್ದರು. ನಾನು ಮಾಡಿದ ಮೂರು ಖೋಗಳ ನಿಯಮವೂ ಅದೇ ಆಗಿತ್ತು, ನನ್ನದಕ್ಕೆ ಸೀಟಿಯ ಅಧಿಕಾರ ಸೇರಿತ್ತು ಅಷ್ಟೆ.

ಆ ದಿನ ಸಂಜೆ ನಿಯಮವನ್ನು ಹಿಂದೆಗೆದುಕೊಂಡೆ.

ಲೆಕ್ಕದ ಪುಸ್ತಕ

ಮುಂದಿನ ವಾರ ಏನನ್ನೂ ಬದಲಿಸದೆ ನೋಡುವುದಷ್ಟನ್ನೇ ಮಾಡಿದೆ. 23 ಹೆಸರುಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡು, ಯಾರಿಗೆ ಖೋ ಸಿಕ್ಕಿದರೂ ಅವರ ಹೆಸರಿನ ಮುಂದೆ ಒಂದು ಗೀಟು ಹಾಕುತ್ತಾ ಹೋದೆ. ನಾಲ್ಕು ದಿನಗಳ ಆಟದಲ್ಲಿ ನಾಯಕಿಯ ಮುಂದೆ 31 ಗೀಟುಗಳಾದವು, ಹುಡುಗನ ಮುಂದೆ 2. ಇದು ನಿರೀಕ್ಷಿಸಿದ್ದೇ. ನಿರೀಕ್ಷಿಸದಿದ್ದುದು, ನಾಲ್ಕನೆಯ ತರಗತಿಯ ಮೂವರು ಹೆಣ್ಣುಮಕ್ಕಳ ಮುಂದೆ ಇದ್ದ 3, 3 ಮತ್ತು 4 ಗೀಟುಗಳು. ಈ ಮೂವರು ಒಂದು ದಿನವೂ ಅತ್ತಿರಲಿಲ್ಲ, ದೂರು ಹೇಳಿರಲಿಲ್ಲ, ಹೊಟ್ಟೆನೋವು ಎಂದಿರಲಿಲ್ಲ. ಆಟ ಮುಗಿದ ಮೇಲೆ ಲಂಗದ ಮಣ್ಣು ಕೊಡವಿಕೊಂಡು ನಗುತ್ತಲೇ ತರಗತಿಗೆ ಬರುತ್ತಿದ್ದರು. ಹುಡುಗ ಅಂಗಳ ಬಿಟ್ಟು ಹೋಗಿದ್ದರಿಂದ ನನ್ನ ಕಣ್ಣಿಗೆ ಬಿದ್ದ. ಹೋಗದೆ ಕೂತವರು ನಾನು ಪುಸ್ತಕ ಹಿಡಿಯುವವರೆಗೂ ಕಂಡಿರಲಿಲ್ಲ.

ಅದೇ ವಾರ ಪಕ್ಕದ ತರಗತಿಯ ಶಿಕ್ಷಕಿಯೊಬ್ಬರನ್ನು ಒಂದು ದಿನ ಅಂಗಳದ ಅಂಚಿನಲ್ಲಿ ಕೂರಿಸಿ, ಆಟದ ಹೊತ್ತಿನಲ್ಲಿ ನಾನು ಯಾರ ಯಾರ ಹೆಸರು ಹಿಡಿದು ಕೂಗುತ್ತೇನೆ ಎಂದು ಬರೆದುಕೊಳ್ಳಲು ಕೇಳಿದೆ. ಅವರು ಕೊಟ್ಟ ಚೀಟಿಯಲ್ಲಿ ಇದ್ದದ್ದು ನಾಲ್ಕೇ ಹೆಸರು, ನಾಲ್ವರೂ ವೇಗವಾಗಿ ಓಡುವವರು. ‘ಶಭಾಷ್’ ಎಂಬ ಮಾತು ಹನ್ನೊಂದು ಸಲ ಬಂದಿದ್ದು, ಹನ್ನೊಂದೂ ಯಾರನ್ನಾದರೂ ಔಟ್ ಮಾಡಿದ್ದಕ್ಕೆ. ಸರಿಯಾದ ಹೊತ್ತಿಗೆ ಖೋ ಕೊಟ್ಟಿದ್ದಕ್ಕೆ, ಬಿದ್ದವರನ್ನು ಎತ್ತಿದ್ದಕ್ಕೆ, ಸೋತ ಮೇಲೂ ಸಿಟ್ಟಾಗದೆ ಸಾಲಿನಲ್ಲಿ ಕೂತಿದ್ದಕ್ಕೆ ಒಂದು ಸಲವೂ ಇಲ್ಲ. ಯಾರು ಲೆಕ್ಕಕ್ಕುಂಟು, ಯಾರು ಲೆಕ್ಕಕ್ಕಿಲ್ಲ ಎಂಬುದನ್ನು ಮಕ್ಕಳು ಎಲ್ಲಿಂದ ಕಲಿತರು ಎಂಬ ಪ್ರಶ್ನೆಗೆ ಉತ್ತರದ ಒಂದು ದೊಡ್ಡ ಭಾಗ ಆ ಚೀಟಿಯಲ್ಲಿತ್ತು.

ಏಳುವುದನ್ನು ಕಲಿಸಿದ್ದು

ಹುಡುಗನ ಹತ್ತಿರ ಪ್ರತ್ಯೇಕವಾಗಿ ಮಾತಾಡಿದಾಗ ಅವನು ಕೇಳಿದ್ದು ಕ್ಷಮೆಯನ್ನೂ ಅಲ್ಲ, ಖೋವನ್ನೂ ಅಲ್ಲ. “ಅವರೆಲ್ಲ ಹೆಂಗೆ ಅಷ್ಟು ಬೇಗ ಎದ್ದೇಳ್ತಾರೆ ಮಿಸ್?” ಎಂದು ಕೇಳಿದ. ಎರಡು ತಿಂಗಳಿನಿಂದ ಆಟ ಆಡಿಸುತ್ತಿದ್ದ ನಾನು ಒಬ್ಬ ಮಗುವಿಗೂ ಹೇಗೆ ಕೂರಬೇಕು, ಹೇಗೆ ಏಳಬೇಕು ಎಂದು ಕಲಿಸಿರಲಿಲ್ಲ. ಊರಿನ ಮಕ್ಕಳು ಬೀದಿಯಲ್ಲಿ ಅಣ್ಣಂದಿರನ್ನು ನೋಡಿ ಕಲಿತಿದ್ದರು. ಬೇರೆ ಊರಿನಿಂದ ಬಂದ ಇವನಿಗೆ ಆ ಬೀದಿ ಇರಲಿಲ್ಲ. ಅವನು ಪೂರ್ತಿ ಹಿಮ್ಮಡಿಯ ಮೇಲೆ ಭಾರ ಹಾಕಿ ಕೂರುತ್ತಿದ್ದುದರಿಂದ ಏಳಲು ಮೊದಲು ಮುಂದಕ್ಕೆ ಬಾಗಬೇಕಾಗುತ್ತಿತ್ತು. ಯಾವ ಕಡೆಗೆ ಹೋದರೆ ಫೌಲ್ ಆಗುತ್ತದೋ ಎಂಬ ಹೆದರಿಕೆ ಅದರ ಮೇಲೆ ಇನ್ನಷ್ಟು ತಡ ಮಾಡುತ್ತಿತ್ತು.

ಹುಡುಗನೊಬ್ಬನನ್ನೇ ಬೇರೆ ಕರೆದು ಕಲಿಸಿದ್ದರೆ ಮತ್ತೆ ಅದೇ ‘ಪಾಪ’ ಎಂಬ ಮಾತಿಗೆ ಬರುತ್ತಿದ್ದೆವು. ಆದ್ದರಿಂದ ಪ್ರತಿದಿನ ಮೊದಲ ಹತ್ತು ನಿಮಿಷ 23 ಮಕ್ಕಳಿಗೂ ಏಳುವ ಅಭ್ಯಾಸ ಮಾಡಿಸಿದೆ. ಒಂದು ಪಾದ ಸ್ವಲ್ಪ ಮುಂದೆ, ಒಂದು ಹಿಂದೆ, ಭಾರವೆಲ್ಲ ಮುಂಗಾಲಿನ ಮೇಲೆ, ಬೆರಳ ತುದಿಗಳು ನೆಲಕ್ಕೆ ತಾಗಿರಬೇಕು, ತಲೆ ಎತ್ತಿರಬೇಕು. ಖೋ ಬರುವ ಮೊದಲೇ, ಓಡುವವರು ಎಲ್ಲಿದ್ದಾರೆಂದು ನೋಡುತ್ತಾ, ಈಗ ಬಂದರೆ ಯಾವ ಕಡೆ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಳ್ಳುತ್ತಿರಬೇಕು. ನಾಯಕಿಯೂ ಇದರಲ್ಲಿ ಕಲಿತಳು. ಅವಳು ಏಳುವುದು ವೇಗವಾಗಿತ್ತಾದರೂ ಅರ್ಧ ಸಲ ಖೋ ಬರುವ ಮುಂಚೆಯೇ ಎದ್ದಿರುತ್ತಿದ್ದಳು, ಅದೂ ಫೌಲ್ ಎಂಬುದನ್ನು ನಾನು ಅಲ್ಲಿಯವರೆಗೆ ನೋಡಿಯೂ ಬಿಟ್ಟಿದ್ದೆ.

ತಂಡ ಮಾಡುವ ಕ್ರಮವನ್ನು ಬದಲಿಸಿದ ಉಪಾಯ ಹುಡುಗನ ಅಜ್ಜಿಯದು. ಹೊಟ್ಟೆನೋವಿನ ವಿಷಯ ಮಾತಾಡಲು ಅವರನ್ನು ಕರೆಸಿದ್ದೆ. ನಾಯಕರಿಬ್ಬರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದುಕೊಳ್ಳುವುದನ್ನೂ ಕೊನೆಗೆ ಒಬ್ಬ ಉಳಿಯುವುದನ್ನೂ ಜಗಲಿಯ ಮೇಲೆ ಕೂತು ನೋಡಿದ ಅಜ್ಜಿ, “ಇದೇನ್ ಮೇಡಂ, ಸಂತೇಲಿ ಬದನೆಕಾಯಿ ಆರ್ಸ್ದಂಗೆ ಆರಿಸ್ತಾವೆ ಮಕ್ಳು. ನಾವು ಜೋಡಿ ಹೆಸರು ಇಟ್ಕೊಂಡು ಬರ್ತಿದ್ವಲ್ಲ” ಎಂದರು. ಆ ಪದ್ಧತಿ ನನಗೂ ಗೊತ್ತಿತ್ತು, ಮರೆತಿದ್ದೆ. ಓಟದಲ್ಲಿ ಸರಿಸಮಾನರಾದ ಇಬ್ಬಿಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗಿ, ಗುಟ್ಟಾಗಿ ಒಬ್ಬರು ಮಾವು ಇನ್ನೊಬ್ಬರು ಹಲಸು ಎಂದು ಹೆಸರಿಟ್ಟುಕೊಂಡು ಬಂದು, “ಮಾವು ಬೇಕೋ ಹಲಸು ಬೇಕೋ” ಎಂದು ನಾಯಕರನ್ನು ಕೇಳುತ್ತಾರೆ. ನಾಯಕರು ಹಣ್ಣನ್ನು ಆರಿಸುತ್ತಾರೆಯೇ ಹೊರತು ಮಗುವನ್ನಲ್ಲ. ತಂಡಗಳು ಸಮವಾಗಿರುತ್ತವೆ, ಕೊನೆಯಲ್ಲಿ ಉಳಿದವರು ಎಂಬ ಮಾತೇ ಹುಟ್ಟುವುದಿಲ್ಲ. ನಾಯಕರನ್ನೂ ಸರದಿಯ ಮೇಲೆ ಬದಲಿಸತೊಡಗಿದೆವು. 23ನೆಯ ಮಗುವಿನ ಪ್ರಶ್ನೆಗೂ ಉತ್ತರ ಸಿಕ್ಕಿತು: ಹಾಜರಿ ಪುಸ್ತಕದ ಕ್ರಮದಲ್ಲಿ ದಿನಕ್ಕೊಬ್ಬರು ನನ್ನ ಪಕ್ಕದಲ್ಲಿ ನಿಂತು ಲೆಕ್ಕದ ಪುಸ್ತಕ ಹಿಡಿಯಬೇಕು, ಸಮಯ ನೋಡಬೇಕು, ಖೋಗಳಿಗೂ ಔಟ್‌ಗಳಿಗೂ ಗೀಟು ಹಾಕಬೇಕು, ಆಟದ ಕೊನೆಯಲ್ಲಿ ಅದನ್ನು ಗಟ್ಟಿಯಾಗಿ ಓದಬೇಕು. ಇಂಥವರಿಗೆ ಖೋ ಕೊಡಿ ಎಂದು ನಾನು ಆಮೇಲೆ ಯಾವತ್ತೂ ಹೇಳಲಿಲ್ಲ. ಗೀಟುಗಳನ್ನು ಓದಿದಾಗ, ಒಂದೇ ಖೋ ಸಿಕ್ಕವರ ಹೆಸರು ಬಂದ ಕೂಡಲೇ ಮಕ್ಕಳು ತಾವೇ ಪರಸ್ಪರ ಮುಖ ನೋಡಿಕೊಳ್ಳುತ್ತಿದ್ದರು.

ಕೈ ಎತ್ತುವ ನಿಯಮ

ಆಗಸ್ಟ್ ತಿಂಗಳಲ್ಲಿ ಇನ್ನೊಂದು ಜಗಳ ಹತ್ತಿಕೊಂಡಿತು. ಮುಟ್ಟಿದೆ, ಮುಟ್ಟಲಿಲ್ಲ ಎಂಬ ಜಗಳ. ಸೀಟಿ ನನ್ನದಾದರೂ ಒಂದೇ ಹೊತ್ತಿಗೆ ಎಲ್ಲ ಕಡೆ ನೋಡಲಾಗುವುದಿಲ್ಲ. ಆ ಸಂದರ್ಭದಲ್ಲಿ ಮಕ್ಕಳಿಗೆ 1980ರ ಫೆಬ್ರುವರಿಯಲ್ಲಿ ಮುಂಬೈಯ ವಾಂಖೆಡೆ ಕ್ರೀಡಾಂಗಣದಲ್ಲಿ ನಡೆದ ಟೆಸ್ಟ್ ಪಂದ್ಯದ ಕಥೆ ಹೇಳಿದೆ. ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವಕ್ಕಾಗಿ ಇಂಗ್ಲೆಂಡ್ ಜೊತೆ ನಡೆದ ಆ ಪಂದ್ಯದಲ್ಲಿ ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಭಾರತದ ನಾಯಕರಾಗಿದ್ದರು. ಭಾರತ ಮೊದಲ ಇನಿಂಗ್ಸ್‌ನಲ್ಲಿ 242 ರನ್ ಮಾಡಿತ್ತು. ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡು ಕುಸಿದಿತ್ತು. ಆ ಮೇಲೆ ಆಡುತ್ತಿದ್ದ ಬಾಬ್ ಟೇಲರ್ ವಿಕೆಟ್ ಹಿಂದೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಔಟ್ ಕೊಟ್ಟರು. ಮೊದಲ ಸ್ಲಿಪ್‌ನಲ್ಲಿ ನಿಂತಿದ್ದ ವಿಶ್ವನಾಥ್ ಅವರಿಗೆ ಚೆಂಡು ಬ್ಯಾಟಿಗೆ ತಾಗಿಲ್ಲ ಎಂಬುದು ಖಚಿತವಿತ್ತು. ಅವರು ಅಂಪೈರ್ ಹತ್ತಿರ ಮಾತಾಡಿ ಟೇಲರ್ ಅವರನ್ನು ವಾಪಸು ಕರೆಸಿದರು. ಟೇಲರ್ ಮತ್ತು ಇಯಾನ್ ಬೋಥಮ್ ಆರನೆಯ ವಿಕೆಟ್‌ಗೆ 171 ರನ್ ಸೇರಿಸಿದರು.

“ಆಮೇಲೆ ನಾವು ಗೆದ್ವಾ ಮಿಸ್?” ಎಂದು ಮಕ್ಕಳು ಕೇಳಿದರು. ಇಂಗ್ಲೆಂಡ್ ಹತ್ತು ವಿಕೆಟ್‌ಗಳಿಂದ ಗೆದ್ದಿತು ಎಂದೆ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಸೋಲನ್ನು ಸ್ವಲ್ಪ ಬದಿಗೆ ಸರಿಸಿ ಹೇಳುತ್ತಾರೆ. ಮಕ್ಕಳ ಮುಂದೆ ಹಾಗೆ ಮಾಡಬಾರದೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಸತ್ಯ ಹೇಳಿದರೆ ಕೊನೆಗೆ ಗೆಲುವೇ ಸಿಗುತ್ತದೆ ಎಂದು ಕಲಿತ ಮಗು, ಸಿಗದ ದಿನ ಸತ್ಯವನ್ನೂ ಬಿಟ್ಟುಬಿಡುತ್ತದೆ. ಕೆಲ ಹೊತ್ತು ಯಾರೂ ಮಾತಾಡಲಿಲ್ಲ. “ಹಂಗಾದ್ರೆ ಕರೀಬಾರ್ದಿತ್ತು” ಎಂದು ಒಬ್ಬ ಹೇಳಿದ. “ಅಂಪೈರೇ ಔಟ್ ಕೊಟ್ಮೇಲೆ ಇವರದೇನಿತ್ತು” ಎಂದು ನಾಯಕಿ ಹೇಳಿದಳು. ಆಗ ಗೀಟು ಕಡಿಮೆ ಇದ್ದ ಮೂವರಲ್ಲಿ ಒಬ್ಬಳು, ತರಗತಿಯಲ್ಲಿ ಅಪರೂಪಕ್ಕೆ ಬಾಯಿ ಬಿಡುವವಳು, “ಅವತ್ತು ಇವನೂ ಹೇಳಿದ್ನಲ್ಲ ಮಿಸ್, ನಾನ್ ಮುಟ್ಲಿಲ್ಲ ಅಂತ. ಅದೂ ವಾಪಸ್ ಕರ್ದಂಗೇ ಅಲ್ವಾ?” ಎಂದು ಹುಡುಗನ ಕಡೆ ತೋರಿಸಿದಳು.

ನನಗೆ ಇದು ಹೊಳೆದಿರಲಿಲ್ಲ. ಅವನು ಅಂಗಳ ಬಿಟ್ಟು ಹೋದದ್ದನ್ನು ನಾನು ನೋವೆಂದು ಮಾತ್ರ ಅರ್ಥ ಮಾಡಿಕೊಂಡಿದ್ದೆ. ಸುಳ್ಳು ಅಂಕವನ್ನು ತನ್ನ ಹೆಸರಿಗೆ ಬರೆಸಿಕೊಳ್ಳಲು ಒಪ್ಪದ ಒಬ್ಬ ಆಟಗಾರ ಅಲ್ಲಿ ನಿಂತಿದ್ದ ಎಂಬುದು ಒಂಬತ್ತು ವರ್ಷದ ಹುಡುಗಿಗೆ ಕಂಡಿತು.

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1932ರಲ್ಲಿ ಪ್ರಕಟವಾದ ತಮ್ಮ ಅಧ್ಯಯನಕ್ಕಾಗಿ ಗೋಲಿ ಆಡುವ ಮಕ್ಕಳ ಜೊತೆ ಕೂತು ಆಟದ ನಿಯಮಗಳು ಎಲ್ಲಿಂದ ಬಂದವು, ಅವನ್ನು ಬದಲಿಸಬಹುದೇ ಎಂದು ಕೇಳಿದ್ದರು. ಚಿಕ್ಕ ಮಕ್ಕಳು ನಿಯಮವನ್ನು ದೊಡ್ಡವರು ಹಾಕಿಕೊಟ್ಟ, ಮುಟ್ಟಬಾರದ ಗೆರೆ ಎಂದು ನೋಡುತ್ತಾರೆ. ಹತ್ತರ ಆಸುಪಾಸಿಗೆ ಬಂದಂತೆ ಅದು ಆಡುವವರೆಲ್ಲ ಒಪ್ಪಿ ಮಾಡಿಕೊಂಡ ಮಾತು ಎಂದು ಕಾಣತೊಡಗುತ್ತದೆ. ನಮ್ಮ ಮಕ್ಕಳು ನಿಂತಿದ್ದುದು ಸರಿಯಾಗಿ ಆ ಹೊಸ್ತಿಲಿನಲ್ಲಿ. ಆದ್ದರಿಂದ ಮುಂದಿನ ನಿಯಮವನ್ನು ಅವರೇ ಮಾಡಲೆಂದು ಬಿಟ್ಟೆ. ಎರಡು ದಿನ ಚರ್ಚೆಯಾಯಿತು. ಕೊನೆಗೆ ಒಪ್ಪಿದ್ದು ಇಷ್ಟು: ಓಡುವವರ ಮೈಗೆ ಕೈ ತಾಗಿದ್ದು ತಮಗೇ ಗೊತ್ತಾದರೆ, ಸೀಟಿ ಬರದಿದ್ದರೂ, ಕೈ ಎತ್ತಿ ಹೊರಗೆ ಹೋಗಬೇಕು, ಹಾಗೆ ಹೋದವರನ್ನು ಅವರ ತಂಡದವರು ಬೈಯಬಾರದು. ಎರಡನೆಯ ಭಾಗವನ್ನು ಸೇರಿಸಿದ್ದು ಮಕ್ಕಳೇ. ಕೈ ಎತ್ತದಿರುವುದಕ್ಕೆ ನಿಜವಾದ ಕಾರಣ ಯಾವುದೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ನಾಯಕಿ

ಇಂಥ ಪ್ರಕರಣಗಳಲ್ಲಿ ದಯೆಯೆಲ್ಲ ಹಿಂದುಳಿದ ಮಗುವಿನ ಕಡೆಗೆ ಹರಿದು, ಚೆನ್ನಾಗಿ ಆಡುವ ಮಗು ತಪ್ಪಿತಸ್ಥನ ಜಾಗದಲ್ಲಿ ನಿಲ್ಲುವುದುಂಟು. ನಾಯಕಿಗೆ ಆಟವೆಂದರೆ ಜೀವ. ಅವಳ ಅಪ್ಪ ಹಿಂದೆ ತಾಲ್ಲೂಕು ಮಟ್ಟದಲ್ಲಿ ಆಡಿದವರು, ಸೋತು ಬಂದ ದಿನ ಮನೆಯಲ್ಲಿ ಏಕೆ ಸೋತೆ ಎಂಬ ಪ್ರಶ್ನೆ ಇರುತ್ತಿತ್ತು. ಶನಿವಾರ ಅವಳು ಹುಡುಗನಿಗೆ ಹೇಳಿದ ಮಾತು ಅವಳು ಮನೆಯಲ್ಲಿ ಕೇಳಿದ ಮಾತೇ ಆಗಿತ್ತು. ಪ್ರಾರ್ಥನೆಯ ದಿನದಿಂದ ಅವಳು ನನ್ನ ಮುಖ ನೋಡಿ ಮಾತಾಡುವುದನ್ನು ಬಿಟ್ಟಿದ್ದಳು. ಒಂದು ದಿನ ಬಿಸಿಯೂಟದ ತಟ್ಟೆ ತೊಳೆಯುತ್ತಿದ್ದಾಗ ಅವಳ ಪಕ್ಕ ನಿಂತು, ಎಲ್ಲರ ಮುಂದೆ ನಿನ್ನನ್ನು ಕರೆದದ್ದು ನನ್ನ ತಪ್ಪು ಎಂದು ಹೇಳಿದೆ. ಅವಳು ನಲ್ಲಿ ನಿಲ್ಲಿಸಿದಳು. “ನಾನು ಅವನಿಗೇ ಖೋ ಕೊಟ್ಟೆ ಅಲ್ವಾ ಮಿಸ್ ಅವತ್ತು. ಅದನ್ನ ನೀವು ಹೇಳ್ಲೇ ಇಲ್ಲ” ಎಂದಳು.

ಅದು ನಿಜ. ಕೊನೆಯ ನಿಮಿಷದಲ್ಲಿ, ಒಂದು ಔಟ್‌ನಿಂದ ಪಂದ್ಯ ಸಮವಾಗುವ ಹೊತ್ತಿನಲ್ಲಿ, ಹುಡುಗನ ಬೆನ್ನು ಮುಟ್ಟಿದವಳು ಅವಳೊಬ್ಬಳೇ. ದಾರಿ ಇಲ್ಲದೆ ಕೊಟ್ಟಳು ಎಂದು ನಾನು ತೀರ್ಮಾನಿಸಿ ಮೇಲೆ ಹಾಗೆಯೇ ಬರೆದಿದ್ದೇನೆ, ಅವಳನ್ನು ಕೇಳಿ ಬರೆದದ್ದಲ್ಲ.

ಅವಳ ಅಪ್ಪನ ಹತ್ತಿರವೂ ಮಾತಾಡಿದೆ. ಮಗಳು ಮನೆಗೆ ಬಂದಾಗ ‘ಗೆದ್ದೆಯಾ’ ಎಂದು ಕೇಳುವ ಮೊದಲು ‘ಹೇಗಿತ್ತು ಆಟ’ ಎಂದು ಕೇಳಿ ನೋಡಿ ಎಂದಷ್ಟೇ ಹೇಳಿದೆ. ಅವರು ಒಪ್ಪಿದರು. ಆದರೆ ಅಂಗಳದ ಬೇಲಿಯ ಹೊರಗೆ ನಿಂತು ಕೂಗುವುದು ಪೂರ್ತಿ ನಿಂತಿತೆಂದು ಹೇಳಲಾರೆ.

ಆಗಸ್ಟ್ 29 ಮತ್ತು ಆಮೇಲೆ

ಹಾಕಿ ಆಟಗಾರ ಧ್ಯಾನ್ ಚಂದ್ ಅವರ ಜನ್ಮದಿನವಾದ ಆಗಸ್ಟ್ 29ರಂದು, ರಾಷ್ಟ್ರೀಯ ಕ್ರೀಡಾ ದಿನದ ಅಂಗವಾಗಿ, ಪಕ್ಕದ ಊರಿನ ಶಾಲೆಯ ಅದೇ ವಯಸ್ಸಿನ ಮಕ್ಕಳ ಜೊತೆ ಪಂದ್ಯ ಇಟ್ಟುಕೊಂಡೆವು. ಇಲ್ಲಿ ಒಂಬತ್ತು ಮಂದಿಯನ್ನೇ ಆರಿಸಬೇಕಾಗಿತ್ತು. ಲೆಕ್ಕಕ್ಕೆ ತೆಗೆದುಕೊಳ್ಳುವುದೆಂದರೆ ಅರ್ಹತೆ ಇಲ್ಲದೆ ಜಾಗ ಕೊಡುವುದಲ್ಲ ಎಂಬುದು ಅಷ್ಟರಲ್ಲಿ ನನಗೆ ಸ್ಪಷ್ಟವಾಗಿತ್ತು. ಹುಡುಗನನ್ನು ಕರೆದು, ನೀನು ಒಂಬತ್ತರಲ್ಲಿ ಇಲ್ಲ, ಏಳುವುದು ಚೆನ್ನಾಗಿದೆ, ಕಂಬದ ಹತ್ತಿರ ತಿರುಗುವುದು ಇನ್ನೂ ನಿಧಾನ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. “ನಾನು ಎಷ್ಟನೇಯವನು ಮಿಸ್?” ಎಂದು ಕೇಳಿದ. ಹನ್ನೊಂದನೆಯವನು ಎಂದೆ. ಅವನು ಸ್ವಲ್ಪ ಯೋಚಿಸಿ, “ಮುಂಚೆ ಇಪ್ಪತ್ಮೂರು” ಎಂದ. ಆ ದಿನ ಪುಸ್ತಕ ಹಿಡಿಯುವ ಸರದಿಯೂ ಅವನದೇ ಆಗಿತ್ತು.

ಪಂದ್ಯವನ್ನು ಸೋತೆವು. ಮುಗಿದ ಮೇಲೆ ಎದುರು ತಂಡದವರಿಗೆ ಕೈ ಕೊಡಲು ಎಂಟು ಮಕ್ಕಳು ಸಾಲಾಗಿ ಹೋದರು. ನಾಯಕಿ ಹೋಗಲಿಲ್ಲ, ಹುಣಸೆ ಮರದ ಹಿಂದೆ ನಿಂತು ಅಳುತ್ತಿದ್ದಳು. ಅವಳನ್ನು ಎಳೆದುಕೊಂಡು ಹೋಗಿ ಕೈ ಕೊಡಿಸುವುದು ಬೇಡ ಎನಿಸಿತು. ಹತ್ತು ನಿಮಿಷ ಬಿಟ್ಟು, ಎದುರು ಶಾಲೆಯ ಮಕ್ಕಳು ಗೂಡ್ಸ್ ಆಟೊ ಹತ್ತುತ್ತಿದ್ದಾಗ ಅವಳೇ ಓಡಿಹೋಗಿ ಅವರ ನಾಯಕಿಗೆ ಕೈ ಕೊಟ್ಟು ಬಂದಳು. ಲೆಕ್ಕದ ಪುಸ್ತಕದಲ್ಲಿ ಹುಡುಗ ಎರಡೂ ತಂಡಗಳ ಗೀಟುಗಳನ್ನು ಹಾಕಿ, ಕೆಳಗೆ ಬೇರೆಯಾಗಿ ಒಂದು ಸಾಲು ಬರೆದಿದ್ದ: ನಮ್ಮ ತಂಡದ ಒಬ್ಬಳಿಗೆ ಕೈ ತಾಗಿತು, ಸೀಟಿ ಬರಲಿಲ್ಲ, ಅವಳು ಕೈ ಎತ್ತಲಿಲ್ಲ. ಹೆಸರು ಬರೆದಿರಲಿಲ್ಲ. ಆ ಸಾಲನ್ನು ಗಟ್ಟಿಯಾಗಿ ಓದಬೇಕೇ ಎಂದು ನನ್ನನ್ನು ಕೇಳಿದ. ನೀನೇ ತೀರ್ಮಾನ ಮಾಡು ಎಂದೆ. ಅವನು ಓದಿದ, ಹೆಸರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಸೆಪ್ಟೆಂಬರ್ ಮೊದಲ ವಾರದಲ್ಲಿ ಖೋಗಳನ್ನು ಮತ್ತೆ ನಾಲ್ಕು ದಿನ ಎಣಿಸಿದೆ. ನಾಯಕಿಗೆ 22, ಹುಡುಗನಿಗೆ 11, ಆ ಮೂವರು ಹೆಣ್ಣುಮಕ್ಕಳಿಗೆ 8, 9 ಮತ್ತು 5. ಐದು ಎಂಬುದು ಯಾರದೆಂದು ನನಗೆ ಗೊತ್ತು. ಅವಳ ಕಡೆ ಇನ್ನೂ ನೋಡಬೇಕಾಗಿದೆ.

ಅದೇ ವಾರದ ಗುರುವಾರ ಹುಡುಗ ಮತ್ತು ನಾಯಕಿ ಹಣ್ಣಿನ ಹೆಸರಿನ ಮೇಲೆ ಒಂದೇ ತಂಡಕ್ಕೆ ಬಂದಿದ್ದರು. ಪಂದ್ಯ ಬಿಗಿಯಾಗಿತ್ತು. ನಾಯಕಿ ಓಡಿಬಂದು ಅವನಿಗೆ ಖೋ ಕೊಟ್ಟಳು. ಅವನು ಬೆರಳ ತುದಿಯಿಂದಲೇ ನೆಲ ತಳ್ಳಿ ಎದ್ದ, ಒಂದೇ ದಿಕ್ಕು ಹಿಡಿದು ಓಡಿದ, ಓಡುವವನು ಒಂದು ಗೇಣಿನಲ್ಲಿ ತಪ್ಪಿಸಿಕೊಂಡ. ಯಾರೂ ‘ಪಾಪ’ ಎನ್ನಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನ ಚೌಕದಲ್ಲಿ ಕೂತಿದ್ದ ನಾಯಕಿ ಉಳಿದವರನ್ನೆಲ್ಲ ಬೈಯುವ ದನಿಯಲ್ಲೇ, “ಬೇಗ ಎದ್ದೇಳೋ, ಎಷ್ಟ್ ಸಲ ಹೇಳ್ಬೇಕು ನಿಂಗೆ!” ಎಂದು ಕೂಗಿದಳು. ಹುಡುಗ ಕಂಬ ಮುಟ್ಟಿ ತಿರುಗುತ್ತಾ ಓಡುತ್ತಲೇ ಕೂಗಿ ಹೇಳಿದ, “ನೀನು ಖೋ ಅಂತ ಗಟ್ಟಿಯಾಗಿ ಹೇಳು ಮೊದ್ಲು, ಕೇಳ್ಸೋದೇ ಇಲ್ಲ!”